ಗಿಡಮೂಲದ ಫೇಸ್ ಕ್ರೀಮು: ಮೂರು ಡಬ್ಬಿಗಳ ಹಿಂದಿರೋ ಪಟ್ಟಿ ಇಲ್ಲಿದೆ, ಯಾವ್ದು ತಗೊಳ್ಲಿ ಹೇಳ್ತೀರಾ?

ಸಂಪಿಗೆಮರ ಬರೆದದ್ದು:

ಎಲ್ರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಆಯ್ತು, ದಯವಿಟ್ಟು ಪೂರ್ತಿ ಓದಿ. ನಾನಿರೋದು ಬೆಂಗಳೂರಲ್ಲಿ, ವಯಸ್ಸು 34. ಡಿಸೆಂಬರ್ ಬಂತು ಅಂದ್ರೆ ಕೆನ್ನೆ ಎರಡೂ ಬಿರಿದು ಬಿಳಿ ಪೊರೆ ಏಳುತ್ತೆ, ಆದ್ರೆ ಮೂಗು ಗದ್ದದ ಹತ್ರ ಎಣ್ಣೆ ಎಣ್ಣೆ, ತಿಂಗಳಿಗೊಂದ್ಸಲ ಅಲ್ಲೇ ಮೊಡವೆನೂ ಬರುತ್ತೆ. ಅಮ್ಮ ಇರೋದು ಹುಬ್ಬಳ್ಳಿಲಿ, 61 ವರ್ಷ, ಅವರದು ಪೂರ್ತಿ ಒಣ ಚರ್ಮ, ಮುಖ ತೊಳೆದು ಹತ್ತು ನಿಮಿಷಕ್ಕೆ ತಮಟೆ ಥರ ಬಿಗಿಯುತ್ತೆ ಅಂತಾರೆ. ಇಬ್ಬರಿಗೂ ಆಗೋ ಹಾಗೆ ಒಂದೇ ಕ್ರೀಮ್ ತಗೊಳ್ಳೋಣ, ಅದೂ ಗಿಡಮೂಲದ್ದೇ ಇರ್ಲಿ ಅಂತ ಮೂರು ತಂದು ಮೇಜಿನ ಮೇಲೆ ಸಾಲಾಗಿ ಇಟ್ಕೊಂಡಿದೀನಿ. ಬ್ರ್ಯಾಂಡ್ ಹೆಸರು ಬೇಡ, ಹಿಂದಿರೋ ಸಣ್ಣಕ್ಷರನ ಫೋಟೋ ತೆಗ್ದು ಝೂಮ್ ಮಾಡಿ ಇಲ್ಲಿ ಟೈಪ್ ಮಾಡ್ತಿದೀನಿ.

ಮೊದಲನೇದು ಲೋಳೆಸರದ ಜೆಲ್. ಮುಂದೆ ದೊಡ್ಡದಾಗಿ 99% ಅಲೋವೆರಾ ಅಂತಿದೆ, 150 ಎಂಎಲ್‌ಗೆ 190 ರೂಪಾಯಿ, ಬಣ್ಣ ಎಳೆ ಹಸಿರು. ಪಟ್ಟಿ: ಅಲೋ ಬಾರ್ಬಡೆನ್ಸಿಸ್ ಲೀಫ್ ಜ್ಯೂಸ್, ಗ್ಲಿಸರಿನ್, ಕಾರ್ಬೋಮರ್, ಟ್ರೈಎಥನಾಲಮೀನ್, ಫೀನಾಕ್ಸಿಎಥನಾಲ್, ಪರ್ಫ್ಯೂಮ್, ಸಿಐ 19140, ಸಿಐ 42090.

ಎರಡನೇದು ಬಿಳಿ ಕ್ರೀಮು, ಡಬ್ಬದ ಮೇಲೆ ಕೇಸರಿ, ಅರಿಶಿನ, ಕ್ಯಾಮೊಮೈಲ್ ಹೂವಿನ ಚಿತ್ರ ಇದೆ. 50 ಗ್ರಾಂಗೆ 450. ಪಟ್ಟಿ: ಆಕ್ವಾ, ಗ್ಲಿಸರಿನ್, ಕ್ಯಾಪ್ರಿಲಿಕ್ ಕ್ಯಾಪ್ರಿಕ್ ಟ್ರೈಗ್ಲಿಸರೈಡ್, ಸೀಟಿಯರಿಲ್ ಆಲ್ಕೋಹಾಲ್, ಹೀಲಿಯಾಂಥಸ್ ಆನ್ಯೂಸ್ ಸೀಡ್ ಆಯಿಲ್, ಗ್ಲಿಸರಿಲ್ ಸ್ಟಿಯರೇಟ್, ಶಿಯಾ ಬಟರ್, ಫೀನಾಕ್ಸಿಎಥನಾಲ್, ಕರ್ಕ್ಯುಮಾ ಲೋಂಗಾ ರೂಟ್ ಎಕ್ಸ್‌ಟ್ರ್ಯಾಕ್ಟ್, ಕ್ಯಾಮೊಮೈಲ್ ಫ್ಲವರ್ ಎಕ್ಸ್‌ಟ್ರ್ಯಾಕ್ಟ್, ಕ್ಯಾಲೆಂಡುಲಾ ಫ್ಲವರ್ ಎಕ್ಸ್‌ಟ್ರ್ಯಾಕ್ಟ್, ಕ್ರೋಕಸ್ ಸಟೈವಸ್ ಎಕ್ಸ್‌ಟ್ರ್ಯಾಕ್ಟ್, ಕ್ಸ್ಯಾಂಥನ್ ಗಮ್, ಪರ್ಫ್ಯೂಮ್, ಲಿನಲೂಲ್, ಲಿಮೊನೀನ್.

ಮೂರನೇದು ನೀರೇ ಇಲ್ಲದ ಬಾಮ್, ಸಣ್ಣ ತಗಡಿನ ಡಬ್ಬಿ, 30 ಗ್ರಾಂಗೆ 699, ಪ್ರಿಸರ್ವೇಟಿವ್ ಇಲ್ಲ ಅಂತ ಬರ್ಕೊಂಡಿದಾರೆ. ಪಟ್ಟಿ: ಗಾರ್ಸಿನಿಯಾ ಇಂಡಿಕಾ ಸೀಡ್ ಬಟರ್, ಕೋಕಸ್ ನ್ಯೂಸಿಫೆರಾ ಆಯಿಲ್, ಬಾದಾಮಿ ಎಣ್ಣೆ, ಸೆರಾ ಆಲ್ಬಾ, ಟೊಕೊಫೆರಾಲ್, ಲ್ಯಾವೆಂಡರ್ ಆಯಿಲ್, ಸಿಟ್ರಸ್ ಲಿಮೋನ್ ಪೀಲ್ ಆಯಿಲ್.

ನನಗೆ ಕಂಡಿದ್ದು ಏನಂದ್ರೆ ಮೂರನೇದರಲ್ಲಿ ಓದಿದ್ರೆ ಅರ್ಥ ಆಗೋ ಹೆಸರೇ ಜಾಸ್ತಿ, ಹಾಗಾಗಿ ಅದೇ ಒಳ್ಳೇದಿರ್ಬೇಕು ಅನ್ಸುತ್ತೆ, ಎರಡನೇದರಲ್ಲಿ ಆಲ್ಕೋಹಾಲ್ ಬೇರೆ ಇದೆ, ಒಣ ಚರ್ಮಕ್ಕೆ ಆಲ್ಕೋಹಾಲ್ ಆಗಲ್ಲ ಅಂತಾರಲ್ಲ. ಇನ್ನೊಂದು ವಿಷ್ಯ, ಹೋದ ವರ್ಷ ಅಮ್ಮನಿಗೆ ಒಂದು ಹರ್ಬಲ್ ಕ್ರೀಮ್ ಕೊಡಿಸಿದ್ದೆ, ನಾಲ್ಕೇ ದಿನಕ್ಕೆ ಕಣ್ಣಿನ ರೆಪ್ಪೆ ಊದಿ ಕುತ್ತಿಗೆ ಎಲ್ಲ ಕೆಂಪಾಗಿ ತುಂಬ ಒದ್ದಾಡಿದ್ರು. ಅವರಿಗೆ ಮೊದ್ಲಿಂದಾನೂ ಮಳೆಗಾಲ ಮುಗಿಯೋ ಹೊತ್ತಿಗೆ ಮನೆ ಹಿಂದಿನ ಖಾಲಿ ಸೈಟಲ್ಲಿ ಕಾಂಗ್ರೆಸ್ ಗಿಡ (ಪಾರ್ಥೇನಿಯಂ) ಹೂ ಬಿಟ್ಟಾಗ ಮೈ ಕಡಿತ ಇದೆ. ಆ ಕ್ರೀಮ್ ತಂದುಕೊಟ್ಟೋಳು ನಾನೇ ಅನ್ನೋದು ಇನ್ನೂ ಮನಸ್ಸಲ್ಲಿ ಕೊರೀತಿದೆ, ಹಾಗಾಗಿ ಈ ಸಲ ಕೇಳ್ದೆ ಹಚ್ಚಲ್ಲ ಅಂತ ತೀರ್ಮಾನ ಮಾಡಿದೀನಿ. ಗೊತ್ತಿರೋರು ಹೇಳಿ.

ಪೀಣ್ಯದವ ಉತ್ತರ:

ನಾನು ಒಂಬತ್ತು ವರ್ಷ ಒಂದು ಸಣ್ಣ ಕಾಸ್ಮೆಟಿಕ್ಸ್ ಘಟಕದಲ್ಲಿ ಕ್ರೀಮ್ ಮಾಡೋ ಕಡೆ ಕೆಲಸ ಮಾಡಿದೀನಿ, ಹಾಗಾಗಿ ಮೂರು ಪಟ್ಟಿ ನೋಡಿದ ತಕ್ಷಣ ಕಣ್ಣಿಗೆ ಬಿದ್ದಿದ್ದನ್ನ ಹೇಳ್ತೀನಿ.

ಮೊದಲು ಪಟ್ಟಿ ಓದೋ ಕ್ರಮ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ರೂಲ್ಸ್ ಪ್ರಕಾರ ಜಾಸ್ತಿ ಇರೋದು ಮೊದಲು, ಕಮ್ಮಿ ಇರೋದು ಆಮೇಲೆ ಬರ್ಬೇಕು. ಆದ್ರೆ 1% ಮತ್ತು ಅದಕ್ಕಿಂತ ಕೆಳಗಿರೋದನ್ನ ಕೊನೇಲಿ ಹೆಂಗ್ ಬೇಕಾದ್ರೂ ಜೋಡಿಸ್ಬಹುದು. ಈಗ ಆ 1% ಗೆರೆ ಎಲ್ಲಿದೆ ಅಂತ ಹುಡುಕೋದು ಹೇಗೆ? ಫೀನಾಕ್ಸಿಎಥನಾಲ್ ನೋಡಿ, ಅದು ಕ್ರೀಮ್ ಕೆಡದಂತೆ ಕಾಯೋ ಪ್ರಿಸರ್ವೇಟಿವ್. ಅದನ್ನ 1%ಗಿಂತ ಹೆಚ್ಚು ಹಾಕೋ ಹಾಗಿಲ್ಲ. ಅಂದ್ರೆ ಅದರಿಂದಾಚೆಗೆ ಬರೋದೆಲ್ಲ ಬಹುಪಾಲು 1%ಗಿಂತ ಕಮ್ಮಿ ಅಂತ ಲೆಕ್ಕ. ನಿಮ್ಮ ಎರಡನೇ ಕ್ರೀಮಲ್ಲಿ ಅರಿಶಿನ, ಕ್ಯಾಮೊಮೈಲ್, ಕ್ಯಾಲೆಂಡುಲಾ, ಕೇಸರಿ ನಾಲ್ಕೂ ಆ ಗೆರೆಯಿಂದ ಆಚೆ ನಿಂತಿವೆ. ಡಬ್ಬದ ಮೇಲೆ ಚಿತ್ರ ಬರೆಸಿಕೊಂಡಿರೋ ಗಿಡ ಯಾವುದೂ ನಿಮ್ಮ ಕೆನ್ನೆ ತೇವ ಇಡ್ತಾ ಇಲ್ಲ.

ಇದನ್ನ ಕೈಯಾರೆ ಮಾಡಿದ್ರೆ ಚೆನ್ನಾಗಿ ಗೊತ್ತಾಗುತ್ತೆ. ಒಂದು ಪಾತ್ರೆಲಿ ನೀರು, ಗ್ಲಿಸರಿನ್, ಇನ್ನೊಂದರಲ್ಲಿ ಎಣ್ಣೆ, ಬೆಣ್ಣೆ, ಸೀಟಿಯರಿಲ್ ಆಲ್ಕೋಹಾಲಿನ ಬಿಳಿ ಚಕ್ಕೆ, ಎಣ್ಣೆ ನೀರು ಬೆರೆಸೋ ಎಮಲ್ಸಿಫೈಯರ್. ಎರಡನ್ನೂ 70-75 ಡಿಗ್ರಿಗೆ ಬಿಸಿ ಮಾಡಿ ಒಂದಕ್ಕೊಂದು ಸುರಿದು ಜೋರಾಗಿ ತಿರುಗಿಸಿದ್ರೆ ಒಂದು ನಿಮಿಷಕ್ಕೆ ಹಾಲಿನ ಥರ ಬೆಳ್ಳಗಾಗುತ್ತೆ, ತಣೀತಾ ತಣೀತಾ ಗಟ್ಟಿಯಾಗುತ್ತೆ. ಅಷ್ಟೊತ್ತಿಗೆ ಕ್ರೀಮ್ ಆಯ್ತು, ತೇವ ಇಡೋ ಕೆಲಸಕ್ಕೆ ಬೇಕಾದ್ದೆಲ್ಲ ಒಳಗಿದೆ. 40 ಡಿಗ್ರಿಗೆ ಇಳಿದ ಮೇಲೆ ಕೊನೇಲಿ ಪ್ರಿಸರ್ವೇಟಿವ್, ವಾಸನೆ, ಮತ್ತೆ ಈ ಎಕ್ಸ್‌ಟ್ರ್ಯಾಕ್ಟುಗಳು. ಒಂದು ಕೆಜಿ ಬ್ಯಾಚಿಗೆ ಅರಿಶಿನದ ಎಕ್ಸ್‌ಟ್ರ್ಯಾಕ್ಟ್ ಒಂದು ಗ್ರಾಂ ತೂಗಿ ಹಾಕಿದ್ದೂ ಉಂಟು ನಾನು. ಎಕ್ಸ್‌ಟ್ರ್ಯಾಕ್ಟ್ ಅಂದ್ರೆ ಅದೂ ಬರೀ ಗಿಡದ ಸಾರ ಅಲ್ಲ, ಎಷ್ಟೋ ಸಲ ಗ್ಲಿಸರಿನ್ ಮತ್ತು ನೀರಲ್ಲಿ ನೆನೆಸಿ ತೆಗೆದಿರ್ತಾರೆ.

ಹಾಗಂತ ಎರಡನೇ ಕ್ರೀಮ್ ಕೆಟ್ಟದ್ದು ಅಂತಲ್ಲ, ಬದಲಿಗೆ ಅದರ ಬುಡ ಗಟ್ಟಿಯಾಗಿದೆ. ಚರ್ಮಕ್ಕೆ ಮಾಯಿಶ್ಚರೈಸರ್ ಮೂರು ಕೆಲಸ ಮಾಡ್ಬೇಕು: ನೀರನ್ನ ಎಳೆದು ಹಿಡೀಬೇಕು, ಒಡೆದ ಚರ್ಮದ ಸಂದಿ ತುಂಬಿ ನಯ ಮಾಡ್ಬೇಕು, ಮೇಲೊಂದು ಪದರ ಕಟ್ಟಿ ಒಳಗಿನ ನೀರು ಆರದಂತೆ ತಡೀಬೇಕು. ಅದರಲ್ಲಿ ಗ್ಲಿಸರಿನ್ ಮೊದಲನೇ ಕೆಲಸ, ಸೂರ್ಯಕಾಂತಿ ಎಣ್ಣೆ ಮತ್ತೆ ಆ ಟ್ರೈಗ್ಲಿಸರೈಡ್ ಎರಡನೇದು, ಶಿಯಾ ಮೂರನೇದು. ಮತ್ತೆ ಇವೂ ಗಿಡದ್ದೇ ಸ್ವಾಮಿ! ಕ್ಯಾಪ್ರಿಲಿಕ್ ಕ್ಯಾಪ್ರಿಕ್ ಅಂದ್ರೆ ಸಾಮಾನ್ಯವಾಗಿ ತೆಂಗು ಅಥವಾ ತಾಳೆ ಎಣ್ಣೆಯಿಂದ ಬೇರ್ಪಡಿಸಿದ್ದು, ಹೀಲಿಯಾಂಥಸ್ ಅಂದ್ರೆ ಸೂರ್ಯಕಾಂತಿ, ಶಿಯಾ ಪಶ್ಚಿಮ ಆಫ್ರಿಕದ ಮರದ ಬೀಜದ ಕೊಬ್ಬು. ಹೆಸರು ಓದೋಕೆ ಕಷ್ಟ ಅಂದ ಮಾತ್ರಕ್ಕೆ ಗಿಡದಿಂದ ದೂರ ಅಂತ ಅಲ್ಲ. ಸೀಟಿಯರಿಲ್ ಆಲ್ಕೋಹಾಲ್‌ಗೂ ನೀವು ಹೆದರ್ಬೇಡಿ, ಅದು ಕೊಬ್ಬಿನ ಆಲ್ಕೋಹಾಲು, ಮುಟ್ಟಿದ್ರೆ ಮೇಣದ ಹಾಗಿರುತ್ತೆ, ಒಣಗಿಸಲ್ಲ. ಒಣಗಿಸೋದು ಪಟ್ಟಿಯ ಮೇಲ್ಭಾಗದಲ್ಲಿ ಬರೀ ಆಲ್ಕೋಹಾಲ್ ಅಥವಾ ಆಲ್ಕೋಹಾಲ್ ಡಿನ್ಯಾಟ್ ಅಂತ ಬಂದ್ರೆ.

ಮೊದಲನೇ ಜೆಲ್ ವಿಷ್ಯಕ್ಕೆ ಬಂದ್ರೆ, ಲೋಳೆಸರದ ಎಲೆ ಸೀಳಿ ನೋಡಿದೀರಲ್ಲ, ಒಳಗಿನ ತಿರುಳಿಗೆ ಬಣ್ಣ ಇರಲ್ಲ, ಗಾಜಿನ ಥರ ಇರುತ್ತೆ. ಆ ಸಿಐ 19140 ಹಳದಿ ಬಣ್ಣ, 42090 ನೀಲಿ, ಎರಡು ಸೇರಿ ಹಸಿರು. ಗಿಡ ಅಂತ ಕಾಣ್ಲಿ ಅಂತ ಹಾಕಿರೋದು, ಚರ್ಮಕ್ಕೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ. 99% ಅನ್ನೋದರ ಲೆಕ್ಕನೂ ಹೇಳ್ತೀನಿ. ತಿರುಳಲ್ಲೇ 98-99% ನೀರು. ಅದನ್ನ ಒಣಗಿಸಿ 200 ಪಟ್ಟು ಸಾಂದ್ರ ಮಾಡಿದ ಪುಡಿ ಸಿಗುತ್ತೆ, ಅದರ ಅರ್ಧ ಗ್ರಾಂ ತಗೊಂಡು 99.5 ಗ್ರಾಂ ನೀರಿಗೆ ಕಲಸಿದ್ರೆ ನೂರು ಗ್ರಾಂ ಅಲೋ ಜ್ಯೂಸ್ ಅಂತಲೇ ಬರೀತಾರೆ. ಮೋಸ ಅಂತಲ್ಲ, ಆದ್ರೆ ನೀವು ಕೊಡ್ತಿರೋದು ನೀರಿಗೆ ಅನ್ನೋದು ಗೊತ್ತಿರ್ಲಿ. ಆ ಜೆಲ್ಲಲ್ಲಿ ಎಣ್ಣೆನೂ ಇಲ್ಲ ಬೆಣ್ಣೆನೂ ಇಲ್ಲ, ಬೆಂಗಳೂರಿನ ಜನವರಿ ಒಣಗಾಳಿಗೆ ಹಚ್ಚಿದ ಕಾಲು ಗಂಟೆಗೆ ಆರಿಹೋಗಿ ಮೊದಲಿಗಿಂತ ಬಿಗಿ ಅನ್ಸುತ್ತೆ. ಮೇಲೊಂದು ಕ್ರೀಮ್ ಬೇಕೇ ಬೇಕು.

ಬಾಮ್ ಬಗ್ಗೆ ಬೇರೆಯವರು ಬರೀಲಿ. ಒಂದೇ ಒಂದು ಹೇಳ್ಬಿಡ್ತೀನಿ, ಸೆರಾ ಆಲ್ಬಾ ಅಂದ್ರೆ ಜೇನುಮೇಣ, ಹಾಗಾಗಿ ಗಿಡಮೂಲದ್ದೇ ಬೇಕು ಅನ್ನೋರಿಗೆ ಅದು ಲೆಕ್ಕಕ್ಕೆ ಬರಲ್ಲ.

ಘಟ್ಟದಂಚು ಉತ್ತರ:

ಮೂರನೇ ಡಬ್ಬಿಲಿ ಮೊದಲು ಬಂದಿರೋ ಗಾರ್ಸಿನಿಯಾ ಇಂಡಿಕಾ ಅಂದ್ರೆ ನಮ್ಮ ಮುರುಗಲು. ದಕ್ಷಿಣ ಕನ್ನಡದವ್ರು ಪುನರ್ಪುಳಿ ಅಂತಾರಲ್ಲ ಅದೇ. ನಾನು ಶಿರಸಿ ಹತ್ರದವಳು, ನಮ್ಮಜ್ಜಿ ಪ್ರತಿ ಬೇಸಿಗೆ ಇದರ ತುಪ್ಪ ತೆಗೀತಿದ್ರು, ಈಗ ನಾನೂ ಅತ್ತಿಗೆನೂ ಸೇರಿ ತೆಗೀತೀವಿ, ಅದಕ್ಕೆ ಬರೀತಿದೀನಿ.

ಏಪ್ರಿಲ್ ಮೇ ಹೊತ್ತಿಗೆ ಹಣ್ಣು ಬೀಳುತ್ತೆ. ಸಿಪ್ಪೆ ಶರಬತ್ತಿಗೆ, ಬೀಜ ತೊಳೆದು ಅಂಗಳದಲ್ಲಿ ಗಲಗಲ ಅನ್ನೋವರೆಗೂ ಒಣಗಿಸ್ತೀವಿ. ಆಮೇಲೆ ಓಡು ಒಡೆದು ತಿರುಳು ಕುಟ್ಟಿ ಪುಡಿ ಮಾಡಿ ನೀರಲ್ಲಿ ಹಾಕಿ ಸೌದೆ ಒಲೆ ಮೇಲೆ ಕುದಿಸ್ತಾ ಹೋದ್ರೆ ಮೇಲೆ ಎಣ್ಣೆ ಕಣ್ಣು ಕಣ್ಣಾಗಿ ತೇಲುತ್ತೆ. ರಾತ್ರಿ ಹಾಗೇ ಬಿಟ್ರೆ ಬೆಳಿಗ್ಗೆಗೆ ಹೆಪ್ಪುಗಟ್ಟಿ ನಸು ಬೂದು ಬಣ್ಣದ ಹಪ್ಪಳದ ಥರ ನಿಂತಿರುತ್ತೆ. ಅದನ್ನೆತ್ತಿ ಮತ್ತೆ ಕರಗಿಸಿ ಬಟ್ಟೇಲಿ ಸೋಸಿ, ಬಿಸಿ ಆರ್ತಿದ್ದ ಹಾಗೇ ಅಂಗೈಲಿ ಉಂಡೆ ಕಟ್ಟಿಡೋದು. ಉಂಡೆನ ಉಗುರಲ್ಲಿ ಕೆರೆದ್ರೆ ಸೀಮೆಸುಣ್ಣದ ಹಾಗೆ ಪುಡಿ ಬರುತ್ತೆ, ಬೆರಳ ಮೇಲೆ ಬಿಡದೆ ಉಜ್ಜಿದ್ರೆ ನಿಧಾನಕ್ಕೆ ಕರಗುತ್ತೆ. ಬೇಗ ಕರಗಲ್ಲ ಅದು, ಸುಮಾರು 40 ಡಿಗ್ರಿ ಹತ್ರ ಬೇಕು, ಅದಕ್ಕೇ ನಡುಬೇಸಿಗೆಲಿ ಡಬ್ಬಿಲಿಟ್ರೂ ಗಟ್ಟಿಯಾಗೇ ಇರುತ್ತೆ. ತೆಂಗಿನೆಣ್ಣೆ 24 ಡಿಗ್ರಿಗೇ ನೀರಾಗುತ್ತೆ, ಹಾಗಾಗಿ ಬಾಮ್ ಮಾಡೋರಿಗೆ ಮುರುಗಲು ಒಂದು ವರದಾನ. ಸ್ಟಿಯರಿಕ್ ಮತ್ತೆ ಓಲಿಯಿಕ್ ಆಮ್ಲ ಜಾಸ್ತಿ ಇರೋ ಕೊಬ್ಬು ಇದು, ಜಿಡ್ಡು ಅನ್ಸೋದು ಕಮ್ಮಿ.

ನಾವು ಇದನ್ನ ಹಚ್ಚೋದು ಒಡೆದ ಹಿಮ್ಮಡಿಗೆ, ಚಳಿಗೆ ಬಿರಿದ ತುಟಿಗೆ, ಗದ್ದೆ ಕೆಲಸ ಮಾಡಿ ಒರಟಾದ ಕೈಗೆ. ಮುಖಕ್ಕೂ ಹಚ್ಬಹುದು ಆದ್ರೆ ಅಕ್ಕಿಕಾಳಿನಷ್ಟು, ಮುಖ ತೊಳೆದು ಇನ್ನೂ ಒದ್ದೆ ಇರೋವಾಗಲೇ. ಬಾಮಲ್ಲಿ ನೀರಿಲ್ಲ, ಅದು ಒಳಗಿರೋ ನೀರನ್ನ ಮುಚ್ಚಿಡುತ್ತೆ ಅಷ್ಟೆ, ಒಣಗಿದ ಚರ್ಮದ ಮೇಲೆ ಬರೀ ಬಾಮ್ ಸವರಿದ್ರೆ ಒಣಗಿದ್ದನ್ನೇ ಮುಚ್ಚಿದ ಹಾಗೆ. ಪ್ರಿಸರ್ವೇಟಿವ್ ಇಲ್ಲದೇ ಇರೋಕೂ ಅದೇ ಕಾರಣ, ನೀರಿಲ್ಲ ಅಂದ್ರೆ ಬೂಸ್ಟು ಬರೋದಿಲ್ಲ, ಆದ್ರೆ ಒದ್ದೆ ಬೆರಳು ಡಬ್ಬಿಗೆ ಅದ್ದಬಾರದು. ಟೊಕೊಫೆರಾಲ್ ಹಾಕಿರೋದು ಎಣ್ಣೆ ಕಮಟಾಗದೇ ಇರ್ಲಿ ಅಂತ, ಸೂಕ್ಷ್ಮಜೀವಿಗೆ ಅದು ಅಡ್ಡ ನಿಲ್ಲಲ್ಲ.

ನನಗೆ ಬೇಜಾರಾಗಿದ್ದು ಕೊನೇ ಎರಡು ಹೆಸರು ನೋಡಿ. ಅಷ್ಟು ಒಳ್ಳೆ ತುಪ್ಪಕ್ಕೆ ನಿಂಬೆ ಸಿಪ್ಪೆ ಎಣ್ಣೆ ಯಾಕೆ ಹಾಕ್ಬೇಕಿತ್ತು. ಹಿಂಡಿ ತೆಗೆದ ನಿಂಬೆ ಸಿಪ್ಪೆ ಎಣ್ಣೆ ಹಚ್ಕೊಂಡು ಬಿಸಿಲಿಗೆ ಹೋದ್ರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳೋ ಸಾಧ್ಯತೆ ಇದೆ. ಆವಿಲಿ ಬಟ್ಟಿ ಇಳಿಸಿದ್ದಾದ್ರೆ ಆ ತೊಂದ್ರೆ ಇಲ್ಲ, ಆದ್ರೆ ಡಬ್ಬಿ ಮೇಲೆ ಯಾವ್ದು ಅಂತ ಬರೆದಿರಲ್ಲ. ಹಗಲಿಗೆ ಅದನ್ನ ಮುಖಕ್ಕೆ ಹಚ್ಬೇಡಿ.

ಬೆಣ್ಣೆಹಳ್ಳ ಉತ್ತರ:

ಅಕ್ಕಾರ, ಎಲ್ಲಾರೂ ಕ್ರೀಮಿನ ಬಗ್ಗೆ ಹೇಳಾಕತ್ತಾರ, ನಾ ನಿಮ್ಮ ಅವ್ವಾರ ಬಗ್ಗೆ ಹೇಳ್ತೀನಿ, ದಯವಿಟ್ಟು ಇದನ್ನ ಲಕ್ಷ್ಯ ಕೊಟ್ಟು ಓದ್ರಿ. ಎರಡನೇ ಕ್ರೀಮ್ ಅವರಿಗೆ ಹಚ್ಚಬ್ಯಾಡ್ರಿ.

ನನಗೂ ಕಾಂಗ್ರೆಸ್ ಕಸದ ಅಲರ್ಜಿ ಐತ್ರಿ. ಧಾರವಾಡದ ಹತ್ರ ನಮ್ಮ ಹೊಲ, ಬದುವಿನ ಮ್ಯಾಲೆಲ್ಲಾ ಅದಾ. ಮೊದಲ ಒಂದೆರಡು ವರ್ಷ ಬರೇ ಕುತ್ತಿಗಿ ತುರಸ್ತಿತ್ತು, ಆಮ್ಯಾಲ ಕಣ್ಣ ರೆಪ್ಪಿ, ಮೊಣಕೈ ಮಡಚೂ ಜಾಗಾ, ಹಣಿ, ಎಲ್ಲಾ ತೊಗಲು ದಪ್ಪಾಗಿ ಕರ್ರಗಾಗಿಬಿಟ್ಟಿತು. ಗಿಡ ಮುಟ್ಟಬೇಕಂತಿಲ್ರಿ, ಅದರ ಪುಡಿ ಗಾಳ್ಯಾಗ ಬಂದು ಮಾರಿ ಮ್ಯಾಲ ಕುಂತ್ರ ಸಾಕು. ಆಗ ಯಾರೋ ತಂಪು ಅಂತ ಹೇಳಿದ್ರು, ಕ್ಯಾಮೊಮೈಲ್ ಇದ್ದ ಒಂದು ಕ್ರೀಮ್ ಹಚ್ಚಿದೆ. ಉರಿ ಅಂದ್ರ ಉರಿ, ಎರಡು ದಿನ ಕಣ್ಣು ತಗ್ಯಾಕಾಗ್ಲಿಲ್ಲ.

ತೊಗಲಿನ ಡಾಕ್ಟರ್ ಕಡೆ ಹೋದ್ರ ಬೆನ್ನಿಗೆ ಪ್ಯಾಚ್ ಟೆಸ್ಟ್ ಮಾಡಿದ್ರು. ಸಣ್ಣ ಸಣ್ಣ ಬಟ್ಟಲದಾಗ ಒಂದೊಂದು ಔಷಧ ಹಾಕಿ ಟೇಪ್ ಹಚ್ಚಿ, ಎರಡು ದಿನ ಬೆನ್ನಿಗೆ ನೀರು ಬೀಳಬಾರದು ಅಂದ್ರು. ಎರಡು ದಿನಕ್ಕ ತಗದು ನೋಡಿದ್ರು, ನಾಕನೇ ದಿನಕ್ಕ ಮತ್ತ ನೋಡಿದ್ರು. ಪಾರ್ಥೇನಿಯಂ ಹಾಕಿದ ಜಾಗಾ ಕೆಂಪಗ ಗುಳ್ಳಿ ಎದ್ದಿತ್ತು. ಆಗ ಅವರು ಬಿಡಿಸಿ ಹೇಳಿದ್ರು. ಕಾಂಗ್ರೆಸ್ ಕಸ, ಸೇವಂತಿ, ಚಂಡು ಹೂ, ಕ್ಯಾಮೊಮೈಲ್, ಕ್ಯಾಲೆಂಡುಲಾ ಎಲ್ಲಾ ಒಂದಾ ಮನೆತನದ ಗಿಡ. ಈ ಮನೆತನದ ಭಾಳ ಗಿಡಗಳ ಎಲಿ ಹೂವಿನ್ಯಾಗ ಸೆಸ್ಕ್ವಿಟರ್ಪಿನ್ ಲ್ಯಾಕ್ಟೋನ್ ಅಂತ ಒಂದು ಜಾತಿ ಪದಾರ್ಥ ಇರ್ತಾವ, ಒಂದಕ್ಕ ಅಲರ್ಜಿ ಆದ ಮೈ ಇನ್ನೊಂದನ್ನೂ ಅದಾ ಅಂತ ತಿಳಕೊಂಡು ಸಿಡದೇಳ್ತೈತಿ. ಎಲ್ಲಾರಿಗೂ ಹಂಗ ಆಗಬೇಕಂತಿಲ್ಲ, ಆದ್ರ ನಿಮ್ಮ ಅವ್ವಾರಿಗೆ ಹೋದ ವರ್ಷ ರೆಪ್ಪಿ ಮತ್ತ ಕುತ್ತಿಗಿಗೇ ಆಗೇತಿ ಅಂದ್ರ ನನಗಂತೂ ಅದಾ ಅನಸ್ತೈತಿ. ಆ ಹಳೇ ಕ್ರೀಮಿನ ಡಬ್ಬಿ ಇದ್ರ ಹಿಂದ ನೋಡ್ರಿ.

ಪೀಣ್ಯದ ಅಣ್ಣಾರು ಎಕ್ಸ್‌ಟ್ರ್ಯಾಕ್ಟ್ 1%ಗಿಂತ ಕಮ್ಮಿ ಅಂದ್ರಲ್ಲ, ತೇವಕ್ಕ ಅದು ಸಾಲೂದಿಲ್ಲ ಖರೆ, ಆದ್ರ ಅಲರ್ಜಿ ಇದ್ದ ಮೈಗೆ ಅಷ್ಟಾ ಸಾಕಾಕ್ಕೈತ್ರಿ. ಅವ್ವಾರಿಗೆ ಯಾವುದೂ ಹಚ್ಚೂಕಿಂತ ಮೊದಲ ಒಮ್ಮೆ ತೊಗಲಿನ ಡಾಕ್ಟರಿಗೆ ತೋರಿಸ್ರಿ. ನಮ್ಮ ಮನ್ಯಾಗ ದೀಪಾವಳಿಗೆ ಸೇವಂತಿ ಹಾರ ನಾ ಕಟ್ಟೂದಿಲ್ಲ, ನನ್ನ ತಂಗಿ ಕಟ್ತಾಳ. ಅಷ್ಟು ಜ್ವಾಕಿ ಮಾಡಿದ ಮ್ಯಾಲ ಈಗ ಮೂರು ವರ್ಷಾತು, ಮಾರಿ ಸ್ವಚ್ಛ ಐತಿ.

ಸಂಪಿಗೆಮರ ಉತ್ತರ:

ಬೆಣ್ಣೆಹಳ್ಳ ಅವ್ರೆ, ನಿಮ್ಮ ಉತ್ತರ ಓದಿದ ತಕ್ಷಣ ಅಮ್ಮನಿಗೆ ಫೋನ್ ಮಾಡಿದೆ. ಹಳೇ ಟ್ಯೂಬ್ ಬಿಸಾಕಿರ್ಲಿಲ್ಲ, ಔಷಧಿ ಡಬ್ಬದಲ್ಲೇ ಇತ್ತು, ತಂಗಿ ವಾಟ್ಸಾಪಲ್ಲಿ ಫೋಟೋ ಕಳ್ಸಿದ್ಲು. ಗ್ಲಿಸರಿನ್ ಆದ್ಮೇಲೆ ಕೆಳಗೆ ಕ್ಯಾಲೆಂಡುಲಾ ಇದೆ, ಕ್ಯಾಮೊಮೈಲೂ ಇದೆ. ಒಂದು ವರ್ಷ ನಾನು ಅಮ್ಮನಿಗೆ ಕೆಮಿಕಲ್ ಆಗಲ್ಲ ಅಂತಲೇ ತಿಳ್ಕೊಂಡು ಇನ್ನಷ್ಟು ಹೂವಿರೋ ಕ್ರೀಮನ್ನೇ ಹುಡುಕ್ತಾ ಇದ್ದೆ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ತಂಗಿ ಶನಿವಾರಕ್ಕೆ ಚರ್ಮದ ಡಾಕ್ಟರ್ ಅಪಾಯಿಂಟ್ಮೆಂಟ್ ತಗೊಂಡಿದಾಳೆ.

ಎರಡು ಪ್ರಶ್ನೆ ಉಳಿದಿದೆ. ಸೂರ್ಯಕಾಂತಿನೂ ಅದೇ ಕುಟುಂಬ ಅಲ್ವಾ, ಹಾಗಾದ್ರೆ ಅದರ ಎಣ್ಣೆ? ಮತ್ತೆ ಚಿಕ್ಕಮ್ಮ ಹೇಳ್ತಿದಾರೆ ಇದೆಲ್ಲ ರಗಳೆನೇ ಬೇಡ, ಕುಂಡದಲ್ಲಿರೋ ಲೋಳೆಸರ ಕಿತ್ತು ಮಿಕ್ಸಿಗೆ ಹಾಕಿ ಬಾಟ್ಲಲ್ಲಿ ತುಂಬಿಟ್ಕೊ ಅಂತ. ಅದು ಸರಿನಾ?

ಪೀಣ್ಯದವ ಉತ್ತರ:

ಬೆಣ್ಣೆಹಳ್ಳ ಅವರು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಅಮ್ಮನ ವಿಷ್ಯ ಓದಿನೂ ಗಮನ ಕೊಡದೆ ದಾಟಿಹೋಗಿದ್ದೆ, ಕ್ಷಮಿಸಿ.

ಸೂರ್ಯಕಾಂತಿ ಅದೇ ಕುಟುಂಬವೇ, ಕುಸುಬೆನೂ ಅದೇ. ಆದ್ರೆ ಆ ಲ್ಯಾಕ್ಟೋನುಗಳಿರೋದು ಎಲೆ, ಕಾಂಡ, ಹೂವಿನ ಮೇಲಿನ ಸಣ್ಣ ರೋಮದಲ್ಲಿ. ಬೀಜದ ಎಣ್ಣೆ ರಿಫೈನ್ ಆಗಿ ಬರೋದ್ರಿಂದ ಸಾಮಾನ್ಯವಾಗಿ ತೊಂದ್ರೆ ಕೊಡಲ್ಲ. ಆದ್ರೂ ಶನಿವಾರ ಡಾಕ್ಟರ್ ಹತ್ರ ಈ ಪಟ್ಟಿ ತಗೊಂಡು ಹೋಗಿ ಅದನ್ನೇ ನೇರ ಕೇಳಿ. ಸೂರ್ಯಕಾಂತಿ ಎಣ್ಣೆ ಮೇಲೆ ನನಗೆ ಗೌರವ ಇದೆ, ಅದರಲ್ಲಿ ಲಿನೋಲಿಯಿಕ್ ಆಮ್ಲ ಜಾಸ್ತಿ, ಚರ್ಮದ ಗೋಡೆ ಕಟ್ಟೋಕೆ ಬೇಕಾದ ವಸ್ತು ಅದು. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ದೊಡ್ಡವರ ಚರ್ಮಕ್ಕೆ ಆಲಿವ್ ಎಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆ ಹಚ್ಚಿ ಹೋಲಿಸಿದ್ರು, ಆಲಿವ್ ಎಣ್ಣೆ ಚರ್ಮದ ಗೋಡೆನ ಸಡಿಲ ಮಾಡಿತ್ತು, ಸೂರ್ಯಕಾಂತಿ ಹಾಗೆ ಮಾಡ್ಲಿಲ್ಲ. ಅಂಗಡಿಲಿ ಆಲಿವ್ ಅಂದ್ರೆ ಎಷ್ಟೋ ಪಟ್ಟು ಬೆಲೆ ಕೊಡ್ತೀವಿ, ಅಡುಗೆಮನೆ ಎಣ್ಣೆ ಅಂತ ಇದನ್ನ ಮೂಸಿ ನೋಡಲ್ಲ.

ಮನೆ ಲೋಳೆಸರ ಬಾಟ್ಲಲ್ಲಿ ತುಂಬಿಡೋದು ಮಾತ್ರ ಬೇಡವೇ ಬೇಡ. ನೀರು ಮತ್ತೆ ಸಕ್ಕರೆ ಅಂಶ ಇರೋ ತಿರುಳು ಅದು, ಕಣ್ಣಿಗೆ ಬೂಸ್ಟು ಕಾಣೋದಕ್ಕೆ ತುಂಬ ಮುಂಚೆನೇ ಬ್ಯಾಕ್ಟೀರಿಯಾ ಬೆಳೆದಿರುತ್ತೆ. ಬಿರಿದ ಚರ್ಮಕ್ಕೆ ಅದನ್ನ ಹಚ್ಚೋದು ಅಪಾಯ. ಹಚ್ಚಲೇಬೇಕು ಅಂದ್ರೆ ಎಲೆ ಕೊಯ್ದು ಹತ್ತು ಹದಿನೈದು ನಿಮಿಷ ನೆಟ್ಟಗೆ ನಿಲ್ಸಿ, ಸಿಪ್ಪೆ ಕೆಳಗಿಂದ ಹಳದಿ ರಸ ಇಳಿಯುತ್ತೆ, ಅದು ಚರ್ಮ ಕೆರಳಿಸುತ್ತೆ, ಪೂರ್ತಿ ಇಳಿದ ಮೇಲೆ ತೊಳೆದು ತಿರುಳು ತೆಗೆದು ಆಗಲೇ ಹಚ್ಚಿ, ಉಳಿದಿದ್ದು ಎಸೀರಿ. ಪ್ರಿಸರ್ವೇಟಿವ್ ಅಂದ್ರೆ ವಿಷ ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ನೀರಿರೋ ಕ್ರೀಮಿಗೆ ಅದು ಇಲ್ಲದೇ ಇದ್ರೇನೇ ಭಯ ಪಡ್ಬೇಕು.

ಕಡಲತಡಿ ಉತ್ತರ:

ನಾನು ಮಂಗಳೂರಿನವ. ಆ ಬಾಮ್ ವಿಷಯದಲ್ಲಿ ಒಂದು ಮಾತು ಉಂಟು. ನಾನು ಹಾಗೆಯೇ ತೆಂಗಿನೆಣ್ಣೆ, ಬೆಣ್ಣೆ ಎಲ್ಲ ಇದ್ದ ಒಂದು ಬಾಮ್ ರಾತ್ರಿ ಹಚ್ಚಿ ಮಲಗ್ತಿದ್ದೆ, ಗಿಡದ್ದು ಅಲ್ವಾ ಅಂತ ಧೈರ್ಯ. ಎರಡು ವಾರದಲ್ಲಿ ಹಣೆ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಒಂದೇ ಅಳತೆಯ ಸಣ್ಣ ಸಣ್ಣ ಬೊಕ್ಕೆ, ತುರಿಕೆ ಬೇರೆ. ಮೊಡವೆ ಅಂತ ಮೊಡವೆ ಮುಲಾಮು ಹಚ್ಚಿದರೆ ಒಂದು ಚೂರೂ ಬಗ್ಗಲಿಲ್ಲ ಮಾರಾಯ್ರೆ. ಕೊನೆಗೆ ಡಾಕ್ಟ್ರು ಹೇಳಿದ್ದು ಇದು ಮೊಡವೆ ಅಲ್ಲ, ಮಲಸೀಜಿಯ ಅಂತ ಒಂದು ಯೀಸ್ಟ್, ಎಲ್ಲರ ಚರ್ಮದಲ್ಲಿಯೂ ಇರ್ತದೆ, ತಲೆಹೊಟ್ಟಿಗೂ ಅದರದ್ದೇ ಕೈ. ಅದಕ್ಕೆ ಊಟ ಎಂತ ಅಂದ್ರೆ ಎಣ್ಣೆಯ ಕೊಬ್ಬಿನಾಮ್ಲ. ನಮ್ಮ ಸೆಕೆ, ಬೆವರು, ಅದರ ಮೇಲೆ ಎಣ್ಣೆಯ ಮುಚ್ಚಳ. ಬೆಳೀಲಿಕ್ಕೆ ಇನ್ನೇನು ಬೇಕು?

ಈಗ ನಾನು ಹಚ್ಚುವುದು ಗ್ಲಿಸರಿನ್ ಮತ್ತು ಸ್ಕ್ವಾಲೇನ್ ಇರುವ ತೆಳು ಲೋಷನ್. ಸ್ಕ್ವಾಲೇನ್ ಮೊದಲು ಶಾರ್ಕ್ ಮೀನಿನ ಲಿವರಿನಿಂದ ತೆಗೀತಿದ್ರು, ಈಗ ಆಲಿವ್ ಮತ್ತು ಕಬ್ಬಿನಿಂದ ಮಾಡಿದ್ದು ಸಿಗ್ತದೆ, ಅದು ಕೊಬ್ಬಿನಾಮ್ಲ ಅಲ್ಲದ ಕಾರಣ ನನಗೆ ತೊಂದರೆ ಕೊಡ್ಲಿಲ್ಲ. ಸಂಪಿಗೆಮರ ಅವರೇ, ನಿಮಗೆ ಗದ್ದದಲ್ಲಿ ಮೊಡವೆ ಬರ್ತದೆ ಅಂತ ಬರೆದಿದ್ದೀರಲ್ಲ, ಬಾಮ್ ಕೆನ್ನೆಗೆ ಮಾತ್ರ ಇಟ್ಕೊಳ್ಳಿ, ಮೂಗು ಗದ್ದಕ್ಕೆ ಬೇಡ.

ಮ್ಯೂನಿಕ್_ಕನ್ನಡತಿ ಉತ್ತರ:

ಲಿನಲೂಲ್, ಲಿಮೊನೀನ್ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಬರೀತಿದೀನಿ. ಅವು ವಾಸನೆಯ ಭಾಗ, ಪರ್ಫ್ಯೂಮ್ ಜೊತೆ ಬರುತ್ವೆ, ಲ್ಯಾವೆಂಡರ್ ಎಣ್ಣೆಲಿ ಲಿನಲೂಲ್ ತಾನಾಗೇ ಇರುತ್ತೆ, ನಿಂಬೆ ಸಿಪ್ಪೆಲಿ ಲಿಮೊನೀನ್. ಗಾಳಿ ತಾಗಿ ಹಳೇದಾದ್ರೆ ಇವು ಅಲರ್ಜಿ ಮಾಡೋ ರೂಪಕ್ಕೆ ತಿರುಗುತ್ವೆ. ಇಲ್ಲಿ ಯೂರೋಪಲ್ಲಿ 2005ರಿಂದ ಇಂಥ 26 ವಾಸನೆ ಪದಾರ್ಥನ, ಹಚ್ಚಿ ಹಾಗೇ ಬಿಡೋ ಕ್ರೀಮಲ್ಲಿ 0.001% ದಾಟಿದ್ರೆ ಹೆಸರಿಟ್ಟೇ ಬರೀಬೇಕು, 2023ರಲ್ಲಿ ಆ ಪಟ್ಟಿನ ಎಂಬತ್ತಕ್ಕೂ ಮೇಲೆ ಏರ್ಸಿದಾರೆ. ಆದ್ರೆ ಆ ಬಾಮಿನ ಪಟ್ಟಿಲಿ ಲಿನಲೂಲ್ ಅಂತ ಕಾಣ್ದಿದ್ರೂ ಲ್ಯಾವೆಂಡರ್ ಇರೋದ್ರಿಂದ ಒಳಗೆ ಇದೆ ಅಂತಲೇ ತಿಳೀರಿ. ಅಮ್ಮನಂಥ ಚರ್ಮಕ್ಕೆ ವಾಸನೆನೇ ಇಲ್ಲದ್ದು ಹುಡುಕಿ. ಅನ್‌ಸೆಂಟೆಡ್ ಅಂದ್ರೆ ಕೆಲವೊಮ್ಮೆ ವಾಸನೆ ಮುಚ್ಚೋಕೆ ಇನ್ನೊಂದು ವಾಸನೆ ಹಾಕಿರ್ತಾರೆ, ಫ್ರೇಗ್ರೆನ್ಸ್ ಫ್ರೀ ಅಂತಿರೋದನ್ನೇ ನೋಡಿ.

ಇಲ್ಲಿ ಚಳಿಗಾಲ ಪೂರ್ತಿ ಮನೆಲಿ ಹೀಟರ್, ಗಾಳಿ ಕಾದು ಗರಿಗರಿ. ನಾನು ಒದ್ದೆ ಮುಖಕ್ಕೆ ಗ್ಲಿಸರಿನ್ ಇರೋ ಕ್ರೀಮ್ ಹಚ್ಚಿ, ಅದರ ಮೇಲೆ ಕೆನ್ನೆಗೆ ಮಾತ್ರ ಚೂರು ಶಿಯಾ ಒತ್ತುತೀನಿ. ಶಿರಸಿಯವರು ಹೇಳಿದ್ದ ಅಕ್ಕಿಕಾಳಿನಷ್ಟೇ.

ಸಂಪಿಗೆಮರ ಉತ್ತರ:

ಎಲ್ರ ಉತ್ತರನೂ ಎರಡೆರಡು ಸಲ ಓದಿದೆ. ಅಮ್ಮ ಶನಿವಾರ ಹೋಗಿ ಬಂದ್ರು. ಡಾಕ್ಟ್ರು ಕುತ್ತಿಗೆ ನೋಡಿದ ಕೂಡ್ಲೇ ಮನೆ ಹತ್ರ ಕಾಂಗ್ರೆಸ್ ಗಿಡ ಇದೆಯಾ ಅಂತಲೇ ಕೇಳಿದ್ರಂತೆ. ಪ್ಯಾಚ್ ಟೆಸ್ಟ್ ಮುಂದಿನ ವಾರ ಮಾಡ್ತಾರೆ. ಅಲ್ಲೀತನಕ ವಾಸನೆ ಇಲ್ಲದ, ಹೂವಿನ ಎಕ್ಸ್‌ಟ್ರ್ಯಾಕ್ಟ್ ಒಂದೂ ಇಲ್ಲದ ಸಾದಾ ಕ್ರೀಮ್ ಬರೆದುಕೊಟ್ಟಿದಾರೆ. ಅದರ ಹಿಂದೆ ಓದಿದೆ: ನೀರು, ಗ್ಲಿಸರಿನ್, ಪೆಟ್ರೊಲೇಟಮ್, ಸೀಟಿಯರಿಲ್ ಆಲ್ಕೋಹಾಲ್, ಇನ್ನೂ ಎರಡು ಮೂರು ಹೆಸರು. ಪೆಟ್ರೊಲೇಟಮ್ ಅಂದ್ರೆ ಪೆಟ್ರೋಲಿಯಂ ಜೆಲ್ಲಿ, ಗಿಡದ್ದಲ್ಲ ಅಂತ ಗೊತ್ತು, ಅಮ್ಮನ ಮುಖ ಉರಿಯೋದು ನಿಂತ್ರೆ ಸಾಕು ನನಗೆ. ಸೂರ್ಯಕಾಂತಿ ಎಣ್ಣೆ ಟೆಸ್ಟ್ ಆದ್ಮೇಲೆ ನೋಡೋಣ ಅಂದಿದಾರೆ.

ನನಗೆ ಎರಡನೇ ಕ್ರೀಮನ್ನೇ ಇಟ್ಕೊಂಡಿದೀನಿ, ಅದರ ಬುಡ ಚೆನ್ನಾಗಿದೆ ಅಂದ್ರಲ್ಲ. ಮೊಣಕೈ ಒಳಭಾಗದಲ್ಲಿ ದಿನಕ್ಕೆರಡು ಸಲ ಹಚ್ತಾ ಇದೀನಿ, ಇವತ್ತಿಗೆ ಐದನೇ ದಿನ, ಏನೂ ಆಗಿಲ್ಲ, ವಾರ ಹತ್ತು ದಿನ ನೋಡಿ ಮುಖಕ್ಕೆ. ಜೆಲ್ ಹಚ್ಚಲ್ಲ. ಬಾಮು ಹಿಮ್ಮಡಿಗೆ ಹಚ್ತಾ ಇದೀನಿ, ರಾತ್ರಿ ಸಾಕ್ಸ್ ಹಾಕ್ಕೊಂಡು.

ಘಟ್ಟದಂಚು ಅವ್ರೆ, ಒಂದು ಕೇಳ್ಬೇಕಿತ್ತು, ಏನೂ ಬೆರೆಸದ ಮುರುಗಲು ತುಪ್ಪದ ಉಂಡೆ ಸಿಗುತ್ತಾ?

ಘಟ್ಟದಂಚು ಉತ್ತರ:

ಸಿಗುತ್ತೆ. ಶಿರಸಿ, ಕುಮಟಾ ಕಡೆ ಬಂದಾಗ ದಿನಸಿ ಅಂಗಡಿಲಿ ಕೇಳಿ. ತಗೊಳ್ಳೋ ಮುಂಚೆ ಮೂಸಿ ನೋಡಿ, ಹಳೇ ಕೊಬ್ಬರಿ ಥರ ಕಮಟು ಬಂದ್ರೆ ಬೇಡ. ನಾವು ತೆಗೆಯೋದು ಮನೆಗೆ ಆಗೋವಷ್ಟೇ, ಮಾರೋದಿಲ್ಲ. ಈ ವರ್ಷ ಮಳೆ ಬೇಗ ಹಿಡೀದೇ ಇದ್ದು ಬೀಜ ಚೆನ್ನಾಗಿ ಒಣಗಿದ್ರೆ ಎರಡು ಉಂಡೆ ನಿಮ್ಮಮ್ಮನ ಹಿಮ್ಮಡಿಗೆ ಅಂತ ಎತ್ತಿಡ್ತೀನಿ. ಟೆಸ್ಟ್ ರಿಸಲ್ಟ್ ಬಂದ್ಮೇಲೆ ಇಲ್ಲೇ ಬರೀರಿ.